ಕೊನೆಯ ಹಾಳೆ ಇಲ್ಲದ ಪತ್ತೇದಾರರು

ಕೊನೆಯ ಎರಡು ಹಾಳೆ ಇಲ್ಲ ಅಂತ ಗೊತ್ತಾಗಿದ್ದು ರಾತ್ರಿ ಒಂದೂವರೆಗೆ. ಹಳೇ ಪುಸ್ತಕದ ಅಂಗಡಿಯಲ್ಲಿ 120 ರೂಪಾಯಿ ಕೊಟ್ಟು ತಂದಿದ್ದ ರಾಸ್ ಮ್ಯಾಕ್‌ಡೊನಾಲ್ಡ್‌ನ ‘ದಿ ಚಿಲ್’ ಅದು. ಪತ್ತೇದಾರ ಲೂ ಆರ್ಚರ್ ಇನ್ನೇನು ಗುಟ್ಟು ಬಿಚ್ಚಬೇಕು, ಅಷ್ಟರಲ್ಲಿ ರಟ್ಟು.

ಮಾರನೇ ದಿನ ಅಂಗಡಿಗೆ ಹೋಗಿ ಜಗಳ ಆಡಿದೆ. ಅಂಗಡಿಯವರು ಪುಸ್ತಕವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಮಿಕ್ಕಿದ್ದೆಲ್ಲ ಇದೆಯಲ್ಲ ಮೇಡಂ” ಅಂದರು.

ಆಗ ಸಿಟ್ಟು ಬಂತು. ಬಸ್ಸಿನಲ್ಲಿ ವಾಪಸ್ ಬರುವಾಗ ನಗು ಬಂತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಲೈಬ್ರರಿಯಿಂದ ತಂದು ಓದುತ್ತಾ ಬೆಳೆದವಳು ನಾನು. ಹತ್ತಾರು ಕೈ ದಾಟಿ ಬಂದ ಆ ಪುಸ್ತಕಗಳಲ್ಲೂ ಒಮ್ಮೊಮ್ಮೆ ಕೊನೆ ಇರುತ್ತಿರಲಿಲ್ಲ. ಅಕ್ಕನೂ ನಾನೂ ಸೇರಿ ನಮಗೆ ಬೇಕಾದವರನ್ನು ಜೈಲಿಗೆ ಕಳಿಸುತ್ತಿದ್ದೆವು. ಹಾಗಾದರೆ ಅಮೆರಿಕದ ಈ ಖಾಸಗಿ ಪತ್ತೇದಾರರಿಗೂ ಅದೇ ಪರೀಕ್ಷೆ ಇಟ್ಟರೆ ಹೇಗೆ? ಕೊನೆಯ ಹಾಳೆ ಕಿತ್ತುಬಿಟ್ಟರೆ ಯಾರ ಪುಸ್ತಕ ಎಷ್ಟು ಉಳಿಯುತ್ತದೆ? ಮನೆಯಲ್ಲಿದ್ದ ನಾಲ್ವರನ್ನು ಮತ್ತೆ ಓದಿದೆ. ನಾಲ್ವರ ಕಥೆ ನಡೆಯುವುದೂ ಕ್ಯಾಲಿಫೋರ್ನಿಯಾದಲ್ಲೇ.

ಮೊದಲು ಡ್ಯಾಶಿಯಲ್ ಹ್ಯಾಮೆಟ್. ಪತ್ತೇದಾರಿಕೆಯನ್ನು ಸಂಬಳಕ್ಕೆ ಮಾಡಿದವನು, ಪಿಂಕರ್ಟನ್ ಏಜೆನ್ಸಿಯಲ್ಲಿ ಕೆಲಸಕ್ಕಿದ್ದವನು. 1930ರ ‘ದಿ ಮಾಲ್ಟೀಸ್ ಫಾಲ್ಕನ್’ನಲ್ಲಿ ಅದು ಗೊತ್ತಾಗುತ್ತದೆ. ಪತ್ತೇದಾರ ಸ್ಯಾಮ್ ಸ್ಪೇಡ್ ಏನು ಮಾಡಿದ, ಏನು ಅಂದ ಅಂತ ಮಾತ್ರ ಹೇಳುತ್ತಾನೆ. ಒಳಗೇನು ಅಂದುಕೊಂಡ ಅಂತ ಪುಸ್ತಕದುದ್ದಕ್ಕೂ ಒಂದು ಸಾಲೂ ಇಲ್ಲ. ರಾತ್ರಿ ಎರಡು ದಾಟಿದ ಮೇಲೆ ಫೋನ್ ಬರುತ್ತದೆ, ಪಾಲುದಾರ ಕೊಲೆಯಾಗಿದ್ದಾನೆ. ಸ್ಪೇಡ್ ಹಾಸಿಗೆಯ ಅಂಚಿನಲ್ಲಿ ಕೂತು ಸಿಗರೇಟ್ ಸುತ್ತುತ್ತಾನೆ. ಕಾಗದ ಬಾಗಿಸುವುದು, ತಂಬಾಕನ್ನು ಸಮ ಮಾಡುವುದು, ಬೆರಳಲ್ಲಿ ಉರುಳಿಸುವುದು, ಅಂಚಿಗೆ ನಾಲಿಗೆ ತಾಗಿಸುವುದು. ನಮ್ಮ ತಾತ ಸಾವಿನ ಮನೆಯಿಂದ ಬಂದು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. ಒಂದೊಂದೇ ನಾರು ಬಿಡಿಸಿ, ಮಾತಿಲ್ಲದೆ. ಅದೇ ನೆನಪಾಯಿತು. ಸ್ಪೇಡ್‌ಗೆ ದುಃಖವಾಯಿತೋ ಇಲ್ಲವೋ? ಮಾರನೇ ದಿನವೇ ಬಾಗಿಲ ಮೇಲಿನ ಬೋರ್ಡಿನಿಂದ ಸತ್ತವನ ಹೆಸರು ತೆಗೆಸಲು ಹೇಳುತ್ತಾನೆ. ನೀವೇ ನೋಡಿಕೊಳ್ಳಿ.

ಹರಿದ ಹಾಳೆಯ ಪರೀಕ್ಷೆಯಲ್ಲಿ ಇದು ಅರ್ಧ ಪಾಸು. ಸ್ಪೇಡ್ ಒಳ್ಳೆಯವನೋ ಕೆಟ್ಟವನೋ ಅನ್ನುವ ಪ್ರಶ್ನೆಯನ್ನು ಹ್ಯಾಮೆಟ್ ಕೊನೆಯವರೆಗೂ ಎಳೆಯುತ್ತಾನೆ. ಅಲ್ಲಿ ಸ್ಪೇಡ್ ತನ್ನ ತೀರ್ಮಾನಕ್ಕೆ ಕಾರಣಗಳನ್ನು ಒಂದು, ಎರಡು, ಮೂರು ಅಂತ ಲೆಕ್ಕ ಹಾಕಿ ಹೇಳುವ ಮಾತಿದೆ. ಅದಿಲ್ಲದಿದ್ದರೆ ಪುಸ್ತಕ ಕುಂಟುತ್ತದೆ. ಆದರೆ ನಡುವೆ ಫ್ಲಿಟ್‌ಕ್ರಾಫ್ಟ್ ಅನ್ನುವವನ ಕಥೆ ಇದೆ ನೋಡಿ, ಕೇಸಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಟಕೋಮಾ ಊರಿನ ಒಬ್ಬ ಊಟಕ್ಕೆ ಹೊರಟಿದ್ದಾನೆ. ಕಟ್ಟುತ್ತಿದ್ದ ಕಟ್ಟಡದಿಂದ ತೊಲೆಯೊಂದು ಪಕ್ಕದಲ್ಲೇ ಬೀಳುತ್ತದೆ. ಕೂದಲೆಳೆಯಲ್ಲಿ ಉಳಿದವನು ಹೆಂಡತಿ ಮಕ್ಕಳನ್ನು ಬಿಟ್ಟು ಹಾಗೇ ಊರು ಬಿಡುತ್ತಾನೆ. ವರ್ಷಗಳ ನಂತರ ಸ್ಪೋಕೇನ್‌ನಲ್ಲಿ ಸಿಗುತ್ತಾನೆ. ಬೇರೆ ಹೆಸರು, ಬೇರೆ ಹೆಂಡತಿ, ಆದರೆ ಸಂಸಾರ ಮಾತ್ರ ಥೇಟ್ ಮೊದಲಿನದೇ! ಈ ಎರಡು ಮೂರು ಪುಟಕ್ಕಾಗಿಯೇ ಪುಸ್ತಕ ಇಟ್ಟುಕೊಂಡಿದ್ದೇನೆ. ಅಂದಹಾಗೆ, ಸ್ಯಾನ್ ಫ್ರಾನ್ಸಿಸ್ಕೋದ ಬುರಿಟ್ ಬೀದಿಯಲ್ಲಿ ಆ ಪಾಲುದಾರ ಸತ್ತ ಜಾಗಕ್ಕೆ ಫಲಕ ಹಾಕಿದ್ದಾರೆ. ಕೊಂದವರ ಹೆಸರನ್ನೂ ಅದರಲ್ಲೇ ಬರೆದುಬಿಟ್ಟಿದ್ದಾರೆ. ಪುಸ್ತಕ ಓದದವರು ಆ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಿರಿ.

ರೇಮಂಡ್ ಚಾಂಡ್ಲರ್‌ಗೆ ಕೊನೆಯ ಹಾಳೆಯ ಚಿಂತೆಯೇ ಇದ್ದಂತಿಲ್ಲ. ತೈಲ ಕಂಪನಿಯ ದೊಡ್ಡ ಕೆಲಸ ಕಳೆದುಕೊಂಡು, 50ನೇ ವಯಸ್ಸಿನಲ್ಲಿ ಮೊದಲ ಕಾದಂಬರಿ ‘ದಿ ಬಿಗ್ ಸ್ಲೀಪ್’ ತಂದವನು. ಅದನ್ನು ಸಿನಿಮಾ ಮಾಡುತ್ತಿದ್ದವರು ಕಥೆಯಲ್ಲಿ ಸಾಯುವ ಡ್ರೈವರ್‌ನನ್ನು ಕೊಂದಿದ್ದು ಯಾರು ಅಂತ ಕೇಳಿದರೆ, ತನಗೂ ಗೊತ್ತಿಲ್ಲ ಅಂದನಂತೆ. ಬರೆದವನಿಗೇ ಗೊತ್ತಿಲ್ಲದ ಮೇಲೆ ನಾನು ಯಾಕೆ ತಲೆ ಕೆಡಿಸಿಕೊಳ್ಳಲಿ?

ನಾನು ಮತ್ತೆ ಓದಿದ್ದು 1953ರ ‘ದಿ ಲಾಂಗ್ ಗುಡ್‌ಬೈ’. ಒಂದು ಬೆಳಗಿನ ಜಾವ ಗೆಳೆಯ ಟೆರಿ ಲೆನಾಕ್ಸ್ ಕೈಯಲ್ಲಿ ಪಿಸ್ತೂಲು ಹಿಡಿದು ಪತ್ತೇದಾರ ಮಾರ್ಲೋನ ಬಾಗಿಲಿಗೆ ಬರುತ್ತಾನೆ. ಏನೋ ಆಗಿಹೋಗಿದೆ, ಊರು ಬಿಡಬೇಕು. ಮಾರ್ಲೋ ಏನು ಮಾಡುತ್ತಾನೆ? ಕಾಫಿ ಮಾಡುತ್ತಾನೆ. ಗಾಜಿನ ಪಾತ್ರೆಯಲ್ಲಿ ನೀರು ಮೇಲಕ್ಕೆ ಏರುವುದನ್ನು ಕಾಯುತ್ತಾನೆ, ಮೂರು ನಿಮಿಷಕ್ಕೆ ಟೈಮರ್ ಇಡುತ್ತಾನೆ. ಪಿಸ್ತೂಲು ಇದ್ದರೆ ಇರಲಿ, ಕಾಫಿ ಕೆಡಬಾರದು. ಡಿಕಾಕ್ಷನ್ ಇಳಿಯುವವರೆಗೆ ಯಾರು ಮಾತಾಡಿಸಿದರೂ ‘ಹೂಂ’ ಅಂತ ಮಾತ್ರ ಅನ್ನುವ ಮನೆಯಲ್ಲಿ ಹುಟ್ಟಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ.

ಆಮೇಲೆ ಟೆರಿ ಸತ್ತ ಸುದ್ದಿ ಬರುತ್ತದೆ, ಅವನ ಕಾಗದವೂ ಬರುತ್ತದೆ. ನನಗೂ ಒಂದು ಲೋಟ ಕಾಫಿ ಹಾಕು, ಒಂದು ಸಿಗರೇಟ್ ಹಚ್ಚಿ ಪಕ್ಕದಲ್ಲಿಡು, ಆಮೇಲೆ ಎಲ್ಲ ಮರೆತುಬಿಡು ಅನ್ನುವ ಅರ್ಥದ ಮಾತು ಅದರಲ್ಲಿದೆ. ಮಾರ್ಲೋ ಹಾಗೇ ಮಾಡುತ್ತಾನೆ. ಎರಡು ಕಪ್ ಇಡುತ್ತಾನೆ. ಗೆಳೆಯನ ಕಪ್ಪಿಗೆ ಸ್ವಲ್ಪ ಬರ್ಬನ್ ವಿಸ್ಕಿ ಹಾಕುತ್ತಾನೆ. ಸಿಗರೇಟ್ ಹಚ್ಚಿಡುತ್ತಾನೆ. ಖಾಲಿ ಕುರ್ಚಿ. ಲಾಸ್ ಏಂಜಲೀಸ್‌ನ ಒಂಟಿ ಗಂಡಸು ಹೀಗೆ ಎಡೆ ಇಡುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ. ಪಿತೃಪಕ್ಷದಲ್ಲಿ ಅಮ್ಮ ಅಪ್ಪನಿಗೆ ಇಷ್ಟ ಅಂತ ಒಂದು ಪೊಟ್ಟಣ ಖಾರಾಬೂಂದಿ ಎಲೆಯ ತುದಿಗೆ ಇಡುತ್ತಿದ್ದಳು, ಶಾಸ್ತ್ರದವರು ಏನಂದರೂ ಸರಿ. ಈ ಪುಸ್ತಕದ ಕೊನೆಯ ಐವತ್ತು ಪುಟ ಕಿತ್ತು ಹಾಕಿದರೂ ನನಗೆ ಬೇಕು.

ಕೊರತೆ ಇಲ್ಲ ಅಂತಲ್ಲ. ಕುಡುಕ ಲೇಖಕನೊಬ್ಬನ ಮನೆಯ ಭಾಗ ಜಾಸ್ತಿ ಎಳೆದಿದೆ. ಹೆಂಗಸರು ಅಂದರೆ ಒಂದೋ ದೇವತೆ, ಇಲ್ಲಾ ವಿಷ. ಮೆಕ್ಸಿಕನ್ನರ ಬಗ್ಗೆ ಆಡುವ ಮಾತು ಈಗ ಓದಿದರೆ ಮೈ ಉರಿಯುತ್ತದೆ. ಅದಕ್ಕೆ ಮದ್ದು ಬೇಕಾದರೆ ವಾಲ್ಟರ್ ಮೋಸ್ಲಿಯ ‘ಡೆವಿಲ್ ಇನ್ ಎ ಬ್ಲೂ ಡ್ರೆಸ್’ ಓದಿ. ಊರು ಅದೇ, ಇಸವಿ 1948, ಪತ್ತೇದಾರ ಕಪ್ಪು ಮನುಷ್ಯ ಈಜಿ ರಾಲಿನ್ಸ್. ಕೆಲಸ ಹೋಗಿದೆ, ಮನೆ ಸಾಲದ ಕಂತು ಕಟ್ಟಬೇಕು, ಅದಕ್ಕೇ ಈ ಕೆಲಸ ಒಪ್ಪುತ್ತಾನೆ. ಮಾರ್ಲೋ ಸುಮ್ನೆ ನಡೆದು ಹೋಗುವ ಜಾಗಗಳಲ್ಲಿ ಇವನು ಬಾಗಿಲಲ್ಲೇ ಎರಡು ಸಲ ಯೋಚಿಸಬೇಕು.

ಈಗ ಮ್ಯಾಕ್‌ಡೊನಾಲ್ಡ್. ಆ ನಾಲ್ಕು ಪುಟಕ್ಕಾಗಿ ‘ದಿ ಚಿಲ್’ನ ಇ-ಬುಕ್ಕನ್ನೇ ಕೊಂಡೆ. ಅಂಗಡಿಯವರ 120 ರೂಪಾಯಿಯ ಮೇಲೆ ಇದೊಂದು ದಂಡ. ಮದುವೆಯಾದ ಹೊಸತರಲ್ಲೇ ಹುಡುಗಿಯೊಬ್ಬಳು ಕಾಣೆಯಾಗುತ್ತಾಳೆ, ಗಂಡ ಆರ್ಚರ್ ಹತ್ತಿರ ಬರುತ್ತಾನೆ. ಹುಡುಕುತ್ತಾ ಹೋದರೆ ಈಗಿನದೊಂದು ಕೊಲೆ, ಹತ್ತು ವರ್ಷ ಹಿಂದಿನದೊಂದು, ಇಪ್ಪತ್ತು ವರ್ಷ ಹಿಂದಿನದೊಂದು. ಬಾವಿಗೆ ಬಿದ್ದ ಬಿಂದಿಗೆ ತೆಗೆಯಲು ಪಾತಾಳಗರಡಿ ಇಳಿಸಿದರೆ ಯಾರದೋ ಹಳೇ ಚೊಂಬು, ಇನ್ಯಾರದೋ ಕೊಡ ಮೇಲೆ ಬರುತ್ತದಲ್ಲ, ಹಾಗೆ. ಆ ನಾಲ್ಕು ಪುಟವನ್ನು ಬಸ್‌ಸ್ಟಾಪಿನಲ್ಲಿ ನಿಂತು ಫೋನಿನಲ್ಲಿ ಓದಿದೆ. ನನ್ನ ಬಸ್ ಹೋಯಿತು. ಕೊನೆಯ ಪುಟದ ಕೊನೆಯ ಸಾಲುಗಳವರೆಗೂ ಗುಟ್ಟು ಹಿಡಿದಿಟ್ಟಿದ್ದಾನೆ ಪುಣ್ಯಾತ್ಮ.

ಪರೀಕ್ಷೆಯಲ್ಲಿ ಪೂರ್ತಿ ಫೇಲು, ಅಲ್ವಾ? ಹಾಗಂತ ಬರೆದುಕೊಂಡೂ ಬಿಟ್ಟಿದ್ದೆ. ಆದರೆ ಮನೆಗೆ ಬಂದು ಸುಮ್ಮನೆ ಮೊದಲ ಅಧ್ಯಾಯಗಳನ್ನು ತಿರುವಿದರೆ, ಮೊದಲ ಓದಿನಲ್ಲಿ ಗಮನಿಸದೆ ದಾಟಿದ್ದ ಒಂದು ಮನೆಯ ಮಾತುಕತೆ ಬೇರೆಯೇ ಆಗಿ ಕೇಳಿಸಿತು. ಒಂದಕ್ಷರವೂ ಬದಲಾಗಿಲ್ಲ, ಮೈ ಜುಂ ಅಂತು. ಚಾಂಡ್ಲರ್‌ನನ್ನು ಕೊನೆ ಇಲ್ಲದೆ ಓದಬಹುದು. ಇವನದು ಕೊನೆ ಸಿಕ್ಕ ಮೇಲೆ ಶುರುವಾಗುವ ಪುಸ್ತಕ. ಒಂದೇ ಎಚ್ಚರಿಕೆ: ಸಾಲಾಗಿ ಓದಬೇಡಿ. ನಾನು ಐದು ಓದಿ ಕೆಟ್ಟೆ. ಹಿರಿಯರು ಮುಚ್ಚಿಟ್ಟ ಪಾಪ, ಅದನ್ನು ಹೊತ್ತು ಅಲೆಯುವ ಮಕ್ಕಳು, ನಡುವೆ ತನ್ನದೇನೂ ಹೇಳಿಕೊಳ್ಳದ ಆರ್ಚರ್. ಮೂರನೇ ಪುಸ್ತಕಕ್ಕೆ ಯಾರು ಯಾರ ಮಗ ಅನ್ನುವುದನ್ನು ಮೊದಲೇ ಊಹಿಸತೊಡಗುತ್ತೀರಿ.

ಸೂ ಗ್ರಾಫ್ಟನ್ ಮ್ಯಾಕ್‌ಡೊನಾಲ್ಡ್‌ನ ಕಾಲ್ಪನಿಕ ಊರು ಸಾಂಟಾ ತೆರೆಸಾವನ್ನೇ ಗೌರವದಿಂದ ಎರವಲು ಪಡೆದು, ಅಲ್ಲಿ ತನ್ನ ಪತ್ತೇದಾರೆ ಕಿನ್ಸಿ ಮಿಲ್‌ಹೋನ್‌ಳನ್ನು ಕೂರಿಸಿದಳು. ಎರಡು ಸಲ ಡೈವೋರ್ಸ್, ಗ್ಯಾರೇಜನ್ನೇ ಮನೆ ಮಾಡಿಕೊಂಡ ಬಾಡಿಗೆ ಜಾಗ, ಕಡಲೆಕಾಯಿ ಬೆಣ್ಣೆ ಮತ್ತು ಉಪ್ಪಿನ ಸೌತೆಕಾಯಿ ಸೇರಿಸಿದ ಸ್ಯಾಂಡ್‌ವಿಚ್. (ಮಾಡಿ ತಿಂದೆ. ಒಂದು ಸಲ ಸಾಕು.) ಮೊದಲ ಪುಸ್ತಕ ‘ಎ ಈಸ್ ಫಾರ್ ಅಲಿಬೈ’ 1982ರದು. ಅದರಲ್ಲಿ ವಕೀಲನೊಬ್ಬನ ಅಲರ್ಜಿ ಮಾತ್ರೆಯೊಳಗೆ ಕಣಗಲೆ ಪುಡಿ ತುಂಬಿ ಕೊಂದಿದ್ದಾರೆ. ನಮ್ಮ ಕಾಂಪೌಂಡಿನ ಕಣಗಲೆಯೇ! ಬೆಳಿಗ್ಗೆ ಪೂಜೆಗೆ ಬಿಡಿಸುವಾಗ ‘ಬಾಯಿಗೆ ಹಾಕ್ಬೇಡ’ ಅಂತ ಅಜ್ಜಿ ಹೇಳುತ್ತಿದ್ದ ಹೂವು. ಮಕ್ಕಳ ವಿಚಾರದಲ್ಲಿ ಕೋರ್ಟಿಗೆ ಅಲೆಸಿದ ಮಾಜಿ ಗಂಡನನ್ನು ಹೀಗೆ ಕೊಲ್ಲಬೇಕು ಅಂತ ಕನಸು ಕಂಡಿದ್ದನ್ನೇ ಕಾದಂಬರಿ ಮಾಡಿದೆ ಅಂತ ಗ್ರಾಫ್ಟನ್ ಹೇಳಿಕೊಂಡಿದ್ದಳು. ಜೈಲಿಗೆ ಹೋಗುವುದಕ್ಕಿಂತ ಇದು ವಾಸಿ.

ಒಗಟಾಗಿ ನೋಡಿದರೆ ನಾಲ್ವರಲ್ಲಿ ಇವಳದೇ ಸಪ್ಪೆ. ವಾಕ್ಯವಾಗಿ ನೋಡಿದರೆ ಚಾಂಡ್ಲರ್‌ನ ಹತ್ತಿರಕ್ಕೂ ಬರುವುದಿಲ್ಲ. ಆದರೂ ಜ್ವರ ಬಂದು ಮಲಗಿದ ವಾರ ಕೈ ಹೋಗಿದ್ದು ಕಿನ್ಸಿಯ ಕಡೆಗೇ. ಅವಳು ಕೇಸು ಹುಡುಕುತ್ತಾ ಕಾರ್ಡುಗಳ ಮೇಲೆ ಬರೆದುಕೊಳ್ಳುವುದು, ನಿವೃತ್ತ ಬೇಕರಿಯವನಾದ ಮನೆ ಮಾಲೀಕ ಹೆನ್ರಿ ಬಿಸಿ ಬನ್ನು ಕೊಡುವುದು, ಇಷ್ಟೇ ಸಾಕಿತ್ತು. ಕೊಲೆ ಯಾರು ಮಾಡಿದ್ದು ಅಂತ ಆ ವಾರ ಓದಿದ ಮೂರರಲ್ಲಿ ಎರಡರದು ಈಗಾಗಲೇ ಮರೆತಿದೆ.

ಇಂಗ್ಲಿಷ್ ವರ್ಣಮಾಲೆಯ ಒಂದೊಂದು ಅಕ್ಷರಕ್ಕೆ ಒಂದೊಂದು ಪುಸ್ತಕ ಅಂತ ಹೊರಟವಳು 2017ರಲ್ಲಿ ‘ವೈ’ವರೆಗೆ ಬಂದಳು. ಆ ವರ್ಷದ ಕೊನೆಯಲ್ಲಿ ತೀರಿಕೊಂಡಳು. ಅವಳ ಹೆಸರಿನಲ್ಲಿ ಬೇರೆಯವರು ಬರೆಯಬಾರದು ಅನ್ನುವುದು ಅವಳದೇ ಇಚ್ಛೆಯಾಗಿತ್ತು, ಮನೆಯವರು ಅದಕ್ಕೆ ಒಪ್ಪಿ ‘ಝಡ್’ ಬರೆಸಲಿಲ್ಲ. ಕಪಾಟಿನಲ್ಲಿ ಇಪ್ಪತ್ತೈದನ್ನೂ ಸಾಲಾಗಿ ಜೋಡಿಸಿದ್ದೇನೆ. ಮೊನ್ನೆ ಅಕ್ಕ ಬಂದವಳು ನೋಡಿ, “ಕೊನೇದು ಎಲ್ಲೇ?” ಅಂತ ಕೇಳಿದಳು.

“ಮಿಕ್ಕಿದ್ದೆಲ್ಲ ಇದೆಯಲ್ಲ” ಅಂದೆ.