ಇಳಕಲ್ ಸೀರೆಯ ಮೇಲಿನ ಕೈಕಸೂತಿ: ಕೆಲಸ ಮೇಲ್ಮಟ್ಟದ್ದು, ಬಿಲ್ಲಿನಲ್ಲಿ ಕಲಾವಿದೆಯ ಹೆಸರಿಲ್ಲ

ಧಾರವಾಡದ ಒಂದು ಅಂಗಡಿಯಲ್ಲಿ ಈ ವರ್ಷ ಕೊಂಡ ಕೈಕಸೂತಿಯ ಇಳಕಲ್ ಸೀರೆಯ ಬಗ್ಗೆ ಬರೆಯುತ್ತಿದ್ದೇನೆ. ಒಡಲು ಕಪ್ಪು ರೇಷ್ಮೆ, ದಡಿ ಗೋಮಿ ಎಂಬ ನಮೂನೆಯದು, ಸೆರಗು ಕೆಂಪು, ಅದರಲ್ಲಿ ಬಿಳಿಯ ತೆನೆಗಳು. ಕಪ್ಪು ಒಡಲಿನ ಮೇಲೆ ಕಸೂತಿ ಹಾಕಿದ ಇಂಥ ಸೀರೆಗೆ ಉತ್ತರ ಕರ್ನಾಟಕದಲ್ಲಿ ಚಂದ್ರಕಾಳಿ ಎನ್ನುತ್ತಾರೆ. ಮದುಮಗಳಿಗೆ ಅದನ್ನು ಉಡಿಸುವ ರೂಢಿ ಹಳೆಯದು. ಬೆಲೆ ₹14,000. ನೇಯ್ಗೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ: ಒಡಲಿನ ಹಾಸನ್ನು, ಅಂದರೆ ಉದ್ದದ ಎಳೆಗಳನ್ನು, ಸೆರಗಿನ ಹಾಸಿನೊಂದಿಗೆ ಕೊಂಡಿ ಹಾಕಿ ಜೋಡಿಸುವ ಇಳಕಲ್ಲಿನ ಕ್ರಮ ಇಲ್ಲಿ ಸರಿಯಾಗಿ ನಡೆದಿದೆ, ಜೋಡಣೆಯ ಗೆರೆ ಎಲ್ಲಿಯೂ ಸಡಿಲವಾಗಿಲ್ಲ. ನಾನು ದುಡ್ಡು ಕೊಟ್ಟದ್ದು ಮುಖ್ಯವಾಗಿ ಕಸೂತಿಗೆ. ಈ ವಿಮರ್ಶೆಯೂ ಅದನ್ನು ಕುರಿತದ್ದೇ.

ಸೆರಗಿನ ಸಮೀಪದಲ್ಲಿ ದೊಡ್ಡ ಚಿತ್ರಗಳಿವೆ: ಗೋಪುರ, ತೇರು, ಅಂಬಾರಿ ಹೊತ್ತ ಆನೆ, ತುಳಸಿಕಟ್ಟೆ. ಸೆರಗಿನಿಂದ ದೂರ ಸರಿದಂತೆ ಅವು ಕಿರಿದಾಗುತ್ತ ಹೋಗಿ, ಗಿಳಿ, ಕಮಲ, ಕೊನೆಗೆ ಬರಿಯ ಮೊಗ್ಗು ಮತ್ತು ಚಿಕ್ಕೆಗಳಾಗಿ ಒಡಲಿನಲ್ಲಿ ಚದುರುತ್ತವೆ. ಕೆಂಪು, ಹಸಿರು, ಕಿತ್ತಳೆ, ನೇರಳೆ ಎಳೆಗಳನ್ನು ಬಳಸಲಾಗಿದೆ. ಕಸೂತಿಯ ನಾಲ್ಕು ಹೊಲಿಗೆಗಳಾದ ನೇರ ಗೆರೆಯ ಗಾವಂತಿ, ಮೆಟ್ಟಿಲಿನಂತೆ ಸಾಗುವ ಮುರಗಿ, ನೇಯ್ಗಿ ಮತ್ತು ಮೆಂತ್ಯೆಗಳಲ್ಲಿ ಮೊದಲಿನ ಎರಡೇ ಇಲ್ಲಿ ಹೆಚ್ಚಾಗಿವೆ. ಆನೆಯ ಮೈ ತುಂಬುವಲ್ಲಿ ಮಾತ್ರ ನೇಯ್ಗಿ ಬಂದಿದೆ. ಅಡ್ಡಡ್ಡ ಹಾಯುವ ಮೆಂತ್ಯೆ ತುಳಸಿಕಟ್ಟೆಯ ಬುಡದಲ್ಲಿದೆ.

ಸೀರೆಯನ್ನು ಮಗುಚಿ ನೋಡಿದಾಗ ಈ ಕೆಲಸದ ನಿಜವಾದ ಎತ್ತರ ತಿಳಿಯುತ್ತದೆ. ಗಾವಂತಿ ಮತ್ತು ಮುರಗಿಯಲ್ಲಿ ಹಾಕಿದ ಗೋಪುರ ಮೇಲ್ಬದಿಯಲ್ಲಿ ಹೇಗಿದೆಯೋ ಒಳಬದಿಯಲ್ಲಿಯೂ ಹಾಗೆಯೇ ಇದೆ, ಮತ್ತು ಎಲ್ಲಿಯೂ ಗಂಟಿಲ್ಲ. ಬಟ್ಟೆಯ ಮೇಲೆ ಯಾವ ಗೆರೆಯನ್ನೂ ಮೊದಲೇ ಬರೆದುಕೊಂಡಿರುವುದಿಲ್ಲ. ಹಾಸು ಹೊಕ್ಕಿನ ಎಳೆಗಳನ್ನು ಎಣಿಸುತ್ತ ಸೂಜಿ ಒಂದು ಅಂತರ ಬಿಟ್ಟು ಒಂದನ್ನು ತುಂಬುತ್ತ ಮುಂದೆ ಹೋಗುತ್ತದೆ, ಬಿಟ್ಟ ಅಂತರಗಳನ್ನು ಹಿಂದಿರುಗುವಾಗ ತುಂಬುತ್ತದೆ. ಗೆರೆ ಕವಲೊಡೆದ ಕಡೆಯಲ್ಲೆಲ್ಲ ಆ ಕವಲಿನ ತುದಿಯವರೆಗೆ ಹೋಗಿ, ಅದೇ ದಾರಿಯಲ್ಲಿ ಮರಳಿ ಮೂಲ ಗೆರೆಗೆ ಸೇರಿಕೊಳ್ಳಬೇಕು. ಒಂದು ಕವಲು ತಪ್ಪಿದರೆ ದಾರವನ್ನು ಕತ್ತರಿಸಬೇಕಾಗುತ್ತದೆ, ಇಲ್ಲವೇ ಒಳಬದಿಯಲ್ಲಿ ಉದ್ದನೆಯ ಎಳೆಯೊಂದು ಅಡ್ಡ ಬಿದ್ದು ಚಿತ್ರವನ್ನು ಕೆಡಿಸುತ್ತದೆ. ಹೀಗಾಗಿ ಐದಾರು ಅಂತಸ್ತಿನ ಗೋಪುರವೊಂದನ್ನು ಹಾಕುವವಳು ಮೊದಲ ಹೊಲಿಗೆಗೆ ಮುಂಚೆಯೇ ಇಡೀ ಪ್ರಯಾಣವನ್ನು ಮನಸ್ಸಿನಲ್ಲಿ ನಡೆದು ಮುಗಿಸಿರಬೇಕು.

ಕಸೂತಿಯನ್ನು ಕಲೆ ಎನ್ನಲು ಹಿಂಜರಿಯುವವರು ಇದನ್ನು ಕೈಚಳಕ ಎಂದು ಮೆಚ್ಚಿ ಅಲ್ಲಿಗೇ ನಿಲ್ಲುತ್ತಾರೆ. ನನ್ನ ಸೀರೆಯಲ್ಲಿರುವ ಎರಡು ಗೋಪುರಗಳನ್ನು ಅವರು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನನ್ನ ಆಸೆ. ಎರಡನೆಯ ಗೋಪುರಕ್ಕೆ ದಡಿಯ ಕಡೆಯಿಂದ ಜಾಗ ಕಡಿಮೆಯಾಗಿದೆ. ಅಲ್ಲಿ ಅವಳು ಚಿತ್ರವನ್ನು ಸುಮ್ಮನೆ ಕುಗ್ಗಿಸಿಲ್ಲ. ಬುಡದ ಒಂದು ಸಾಲನ್ನು ಬಿಟ್ಟು, ಪಕ್ಕದ ಚಿಕ್ಕ ಶಿಖರಗಳನ್ನು ತೆಗೆದು, ಕಳಶವನ್ನು ತುಸು ಎತ್ತರಿಸಿದ್ದಾಳೆ. ಅಗಲದಲ್ಲಿ ಕಳೆದುಕೊಂಡದ್ದನ್ನು ಗೋಪುರ ನಿಲುವಿನಲ್ಲಿ ಗಳಿಸಿಕೊಂಡಿದೆ. ಯಾವ ಪಡಿಯಚ್ಚೂ ಇದನ್ನು ಅವಳಿಗೆ ಹೇಳಿಕೊಟ್ಟಿರಲಾರದು. ಇರುವ ಜಾಗಕ್ಕೆ ತಕ್ಕಂತೆ ಆಕಾರವನ್ನು ಹೊಸದಾಗಿ ಯೋಚಿಸುವುದು ಚಿತ್ರಕಾರನ ಕೆಲಸವಾದರೆ, ಇದು ಕೂಡ ಅದೇ ಕೆಲಸ.

ಗೋಪುರ, ತೇರು, ಆನೆ ಎಲ್ಲವೂ ಪರಂಪರೆಯಿಂದ ಬಂದವು, ಅವುಗಳಲ್ಲಿ ಹಾಕುವವರ ಸ್ವಂತದ್ದೇನಿದೆ ಎಂಬ ಆಕ್ಷೇಪವನ್ನು ಧಾರವಾಡದಲ್ಲಿ ನಿಂತು ಎತ್ತುವುದು ಸೋಜಿಗದ ಸಂಗತಿ. ಮಲ್ಲಿಕಾರ್ಜುನ ಮನ್ಸೂರರು ಹಾಡಿದ ರಾಗಗಳು ಅವರು ಹುಟ್ಟಿಸಿದವಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಹಾಡಿದ್ದು ಗುರು ಸವಾಯಿ ಗಂಧರ್ವರಿಂದ ಕಲಿತ ಕಿರಾಣಾ ಘರಾಣೆಯ ಗಾಯನವನ್ನು. ಕಲಿತದ್ದನ್ನು ಅವರು ಆ ಹೊತ್ತಿನಲ್ಲಿ ಹೇಗೆ ಬೆಳೆಸಿದರು ಎಂಬುದಕ್ಕಾಗಿ ನಾವು ಅವರನ್ನು ಕಲಾವಿದರೆಂದು ಗೌರವಿಸುತ್ತೇವೆ, ಅದು ಸರಿಯೂ ಹೌದು. ಅದೇ ಸೀಮೆಯ ಹೆಣ್ಣುಮಗಳೊಬ್ಬಳು ಕಲಿತ ಗೋಪುರವನ್ನು ತನ್ನ ಲೆಕ್ಕದಲ್ಲಿ ಬೆಳೆಸಿದರೆ ಅವಳು ಕೆಲಸಗಾರ್ತಿ ಮಾತ್ರ ಹೇಗಾಗುತ್ತಾಳೆ? ಉಡುವ ಬಟ್ಟೆಯ ಮೇಲೆ ಮಾಡಿದ್ದು, ಮನೆಯೊಳಗೆ ಕುಳಿತು ಮಾಡಿದ್ದು, ಹೆಂಗಸರು ಮಾಡಿದ್ದು ಎಂಬ ಮೂರು ಕಾರಣಗಳನ್ನು ಬಿಟ್ಟರೆ ಬೇರೊಂದು ನನಗೆ ಕಾಣುವುದಿಲ್ಲ.

ಸರಕಾರದ ವಿಂಗಡಣೆಯೂ ಇದೇ ಜಾಡಿನಲ್ಲಿದೆ. ಚಿತ್ರ ಮತ್ತು ಶಿಲ್ಪಗಳಿಗಾಗಿ 1954ರಲ್ಲಿ ಆರಂಭವಾದ ಲಲಿತಕಲಾ ಅಕಾಡೆಮಿ ಸಂಸ್ಕೃತಿ ಸಚಿವಾಲಯದ ಆಶ್ರಯದಲ್ಲಿದ್ದರೆ, ಕಸೂತಿಯಂಥವು ಕರಕುಶಲವೆಂದು ಜವಳಿ ಸಚಿವಾಲಯದ ಪಾಲಿಗೆ ಬಂದಿವೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿ ಈ ಕೆಲಸಗಳಿಗೆ ಮಾರುಕಟ್ಟೆ ಮತ್ತು ಮರ್ಯಾದೆ ಎರಡನ್ನೂ ತರಲು ದುಡಿದರು; ಆ ಉಪಕಾರ ದೊಡ್ಡದು. ಬಂಗಾಳದ ಕಾಂಥಾ ಕಸೂತಿಯ ಪ್ರೀತಿಕಣಾ ಗೋಸ್ವಾಮಿಯವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ ನನಗಾದ ಸಂತೋಷವೂ ದೊಡ್ಡದೇ. ಆದರೆ ನಮ್ಮ ಕಸೂತಿಗೂ ಸಂಡೂರಿನ ಲಂಬಾಣಿ ಕಸೂತಿಗೂ ಸಿಕ್ಕಿರುವ ಭೌಗೋಳಿಕ ಸೂಚಕದ ಮಾನ್ಯತೆ ಪ್ರದೇಶದ ಹೆಸರನ್ನು ಕಾಯುತ್ತದೆಯೇ ಹೊರತು ಸೂಜಿ ಹಿಡಿದವಳ ಹೆಸರನ್ನು ಕೊಳ್ಳುವವರಿಗೆ ಮುಟ್ಟಿಸುವುದಿಲ್ಲ.

ಅಂಗಡಿಯ ಮೇಲೆ ನನ್ನ ಮುಖ್ಯ ದೂರು ಇದೇ. ಕಸೂತಿ ಹಾಕಿದವರು ಯಾರು ಎಂದು ಕೇಳಿದ್ದಕ್ಕೆ ಬಂದ ಉತ್ತರ, “ನಮ್ಮ ಕಡೆ ಹೆಣ್ಣಮಕ್ಕಳು ಹಾಕ್ತಾರ್ರೀ.” ಮಾತಿನಲ್ಲಿ ಅಸಡ್ಡೆ ಇರಲಿಲ್ಲ, ಮಾಲೀಕರು ಸೌಜನ್ಯದಿಂದಲೇ ಎಲ್ಲವನ್ನೂ ತೋರಿಸಿದರು, ಆದರೆ ಬಿಲ್ಲಿನಲ್ಲಿ ಸೀರೆಯ ನಮೂನೆ, ಬಣ್ಣ, ತೆರಿಗೆ ಎಲ್ಲಕ್ಕೂ ಸ್ಥಳವಿದ್ದು, ಆ ಹೆಣ್ಣುಮಗಳ ಹೆಸರಿಗೆ ಸ್ಥಳವಿರಲಿಲ್ಲ. ₹14,000ದಲ್ಲಿ ಅವಳ ಪಾಲು ಎಷ್ಟೆಂದು ಕೇಳಿದಾಗ ಸ್ಪಷ್ಟವಾದ ಉತ್ತರ ದೊರೆಯಲಿಲ್ಲ. ಸೀರೆಯ ಮೂಲೆಯಲ್ಲಿ ಹೆಸರು ಬರೆದ ಒಂದು ಚಿಕ್ಕ ಪಟ್ಟಿಯನ್ನು ಹೊಲಿದರೆ ಅಂಗಡಿಗೆ ಖರ್ಚು ಅತ್ಯಲ್ಪ. ಮುಂದಿನ ಸಲ ಅವಳನ್ನೇ ಹುಡುಕಿಕೊಂಡು ಹೋಗಿ ಮಾಡಿಸಲು ನನ್ನಂಥವರಿಗೆ ದಾರಿಯಾಗುತ್ತದೆ, ಅವಳಿಗೆ ತನ್ನ ಬೆಲೆಯನ್ನು ತಾನೇ ಹೇಳುವ ಬಲ ಬರುತ್ತದೆ.

ಎರಡನೆಯ ದೂರು, ಯಂತ್ರದ ಕಸೂತಿಯ ಸೀರೆಗಳನ್ನೂ ಕೈಕೆಲಸದವುಗಳನ್ನೂ ಒಂದೇ ಕಪಾಟಿನಲ್ಲಿ, ಪ್ರತ್ಯೇಕ ಗುರುತಿಲ್ಲದೆ ಇಟ್ಟಿದ್ದರು. ಯಂತ್ರದ್ದನ್ನು ಮಾರುವುದು ತಪ್ಪಲ್ಲ, ಅಗ್ಗದ ಸೀರೆ ಬೇಕಾದವರೂ ಇದ್ದಾರೆ, ಹೇಳಿ ಮಾರಬೇಕು. ಕೊಳ್ಳುವವರು ಒಳಬದಿಯನ್ನು ತಪ್ಪದೆ ನೋಡಬೇಕು. ಯಂತ್ರಕ್ಕೆ ಮೇಲೊಂದು ದಾರ, ಕೆಳಗೊಂದು ದಾರ ಬೇಕಾದ್ದರಿಂದ ಒಳಬದಿಯಲ್ಲಿ ಬೇರೆಯದೇ ಎಳೆ ಕಾಣುತ್ತದೆ, ಒಂದು ಚಿತ್ರದಿಂದ ಇನ್ನೊಂದಕ್ಕೆ ಹಾದುಹೋದ ಎಳೆಗಳೂ ಅಲ್ಲಲ್ಲಿ ಉಳಿದಿರುತ್ತವೆ. ನೇಯ್ಗಿ ಮತ್ತು ಮೆಂತ್ಯೆ ಇರುವ ಕಡೆ ಮಾತ್ರ ಕೈಕೆಲಸದಲ್ಲಿಯೂ ಎರಡು ಬದಿಗಳು ಒಂದೇ ಆಗಿರುವುದಿಲ್ಲ, ಅದನ್ನು ದೋಷವೆಂದು ತಿಳಿಯಬಾರದು.

ಬಳಕೆಯಲ್ಲಿ ಕಂಡ ಕೊರತೆ ಒಂದೇ: ಮೊದಲ ಸಲ ತಣ್ಣೀರಿನಲ್ಲಿ ಅದ್ದಿದಾಗ ಕೆಂಪು ಎಳೆ ತುಸು ಬಣ್ಣ ಬಿಟ್ಟಿತು. ಕಪ್ಪು ಒಡಲಿನಲ್ಲಿ ಅದು ಕಾಣುವುದಿಲ್ಲ, ತಿಳಿ ಬಣ್ಣದ ಸೀರೆಯಾಗಿದ್ದರೆ ಹಾಳಾಗುತ್ತಿತ್ತು. ಆದ್ದರಿಂದ ತಿಳಿ ಬಣ್ಣದ್ದನ್ನು ಆರಿಸುವವರು ಒದ್ದೆ ಬಿಳಿ ಬಟ್ಟೆಯಿಂದ ಎಳೆಯನ್ನು ಒತ್ತಿ ನೋಡಿಯೇ ಕೊಳ್ಳುವುದು ಒಳ್ಳೆಯದು. ಬೆಲೆ ಹೆಚ್ಚೆಂದು ನನಗೆ ಅನಿಸಿಲ್ಲ. ಅದರ ಬಹುಪಾಲು ಕಸೂತಿ ಹಾಕಿದವಳ ಕೈಸೇರುತ್ತದೆಂದು ಖಾತ್ರಿಯಾದರೆ ಇನ್ನೂ ಹೆಚ್ಚು ಕೊಡಲು ನಾನು ಸಿದ್ಧಳಿದ್ದೇನೆ. ಮದುವೆಗೆಂದು ಮಾಡಿಸುವವರು ತಿಂಗಳುಗಳ ಮೊದಲೇ ಹೇಳಿಡಬೇಕು, ಚಿತ್ರಗಳನ್ನು ಹಾಕುವವರೊಡನೆ ಕುಳಿತು ಮಾತಾಡಿ ಆರಿಸಬೇಕು, ಮುಂಗಡ ಕೊಡುವಾಗಲೇ ಅವರ ಹೆಸರನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು.