ಸಮಾಜಶಾಸ್ತ್ರವೋ, ಟೈಪಿಂಗೋ?

ಉಡುಪಿಯಲ್ಲಿ ಎಂಜಿಎಂ ಕಾಲೇಜು ಶುರುವಾದ 1949ರ ಕಾಲದಿಂದಲೂ ಗುಮಾಸ್ತೆ ಕೆಲಸ ಹುಡುಕುವವರ ಪ್ರಶ್ನೆ ಇದು.

ಟೈಪಿಂಗ್‌ನ ಅಳತೆ ಖಚಿತ. ಐದು ಬಡಿತಕ್ಕೆ ಒಂದು ಪದ. ಇಂಗ್ಲಿಷ್ ಜೂನಿಯರ್ ಪರೀಕ್ಷೆಗೆ ನಿಮಿಷಕ್ಕೆ 30 ಪದ, ಸೀನಿಯರ್‌ಗೆ 45. ಎಡಗೈ ಬೆರಳು ಎ, ಎಸ್, ಡಿ, ಎಫ್ ಮೇಲಿರಲಿ, ಕಣ್ಣು ಪ್ರತಿಯ ಮೇಲೆ. ಕೀ ನೋಡುವ ಚಟ ಹತ್ತಿದರೆ ವೇಗ ಏರದು. ಟೈಪ್‌ರೈಟರ್‌ನಲ್ಲಿ ಲಯ ತಪ್ಪಿ ಎರಡು ಕೀ ಒಟ್ಟಿಗೆ ಒತ್ತಿದರೆ ಅಕ್ಷರದ ಕಡ್ಡಿಗಳು ಸಿಕ್ಕಿಕೊಳ್ಳುತ್ತವೆ. ಕಿರುಬೆರಳಿಗೆ ಬಲವಿಲ್ಲದಿದ್ದರೆ ‘ಎ’ ಮಸುಕು. ಕಾರ್ಬನ್ ಪ್ರತಿಯಲ್ಲಂತೂ ಮಾಯ!

ಸಮಾಜಶಾಸ್ತ್ರಕ್ಕೆ ಪದವಿಯಷ್ಟು ವರ್ಷ ಬೇಕು. ಅಲ್ಲಿ ಎಡವುವುದು ಪರಿಭಾಷೆಯಲ್ಲಿ. ನಮ್ಮ ತುಳುನಾಡಿನ ಹಳೆಯ ಉತ್ತರಾಧಿಕಾರ ಪದ್ಧತಿಯಾದ ಅಳಿಯಸಂತಾನ ಮಾತೃವಂಶೀಯ, ಮಾತೃಪ್ರಧಾನವಲ್ಲ: ಆಸ್ತಿ ಹೆಣ್ಣಿನ ಕವಲಿನಲ್ಲಿ ಇಳಿಯುತ್ತಿದ್ದರೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನದಾಗಿತ್ತು.

ಸಂಬಳ ಬೇಗ ಬೇಕಾದವರು ಟೈಪಿಂಗ್ ಹಿಡಿಯಿರಿ. ಪದವಿಗೆ ಸೇರುವವರೂ ಬೆಳಿಗ್ಗೆ ಒಂದು ಗಂಟೆ ಅದಕ್ಕೆ ಕೊಡಬಹುದು.