ವರ್ಡ್‌ಪ್ರೆಸ್, ಬೇಸರ್ ಸಿಎಂಎಸ್, ಕಾಂಕ್ರೀಟ್: ಜಪಾನಿನಲ್ಲಿ ಮೂರನ್ನೂ ಬಳಸಿ ನೋಡಿದ ಮೇಲೆ

ಜಪಾನಿನಲ್ಲಿ ಒಂದು ಸಣ್ಣ ಕಂಪನಿಗೋ ಅಂಗಡಿಗೋ ವೆಬ್‌ಸೈಟ್ ಮಾಡಿಕೊಟ್ಟು, ಅದನ್ನು ವರ್ಷಗಟ್ಟಲೆ ನೋಡಿಕೊಳ್ಳಬೇಕು ಅಂದ್ರೆ ಯಾವ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್ ಹಿಡಿಯಬೇಕು? ಇಲ್ಲಿಗೆ ಕೆಲಸಕ್ಕೆ ಬಂದ ಕನ್ನಡದವರು ಆಗಾಗ ಕೇಳುತ್ತಾರೆ. ಬೆಂಗಳೂರಿನ ಗ್ರಾಹಕರಾಗಿದ್ದರೆ ಹಿಂದೆಮುಂದೆ ನೋಡದೆ ವರ್ಡ್‌ಪ್ರೆಸ್ ಅಂತ ಹೇಳಿಬಿಡುತ್ತಿದ್ದೆ. ಇಲ್ಲಿ ಹಾಗೆ ಹೇಳೋಕೆ ಮನಸ್ಸು ಬರೋದಿಲ್ಲ. ವರ್ಡ್‌ಪ್ರೆಸ್, ಬೇಸರ್, ಕಾಂಕ್ರೀಟ್ ಮೂರೂ ಸಿಎಂಎಸ್, ಅಂದರೆ ಕೋಡ್ ಬರೆಯದೆ ವೆಬ್‌ಸೈಟಿನ ಪುಟಗಳನ್ನು ತಿದ್ದೋಕೆ ಇರುವ ಸಾಫ್ಟ್‌ವೇರ್. ಮೂರನ್ನೂ ನಿಜವಾದ ಗ್ರಾಹಕರಿಗೆ ಮಾಡಿಕೊಟ್ಟು, ಮೂರರ ಬಳಕೆದಾರರ ಸಭೆಗಳಲ್ಲೂ ಕೂತು ಬಂದ ಮೇಲೆ ನನ್ನ ಅಳತೆ ಒಂದೇ ಆಗಿದೆ: ಏನಾದರೂ ಕೆಟ್ಟಾಗ ಜಪಾನೀ ಭಾಷೆಯಲ್ಲಿ ಉತ್ತರ ಕೊಡುವ ಮನುಷ್ಯರು ಎಷ್ಟು ಹತ್ತಿರ ಇದ್ದಾರೆ? ಫೀಚರುಗಳ ಪಟ್ಟಿ ಆಮೇಲೆ.

ಮೊದಲು ಸಂಪರ್ಕ ಫಾರ್ಮ್ ವಿಷಯ ಹೇಳುತ್ತೇನೆ, ಯಾಕಂದ್ರೆ ವ್ಯತ್ಯಾಸ ಗೊತ್ತಾಗೋದೇ ಅಲ್ಲಿ. ಜಪಾನಿನ ಫಾರ್ಮ್‌ನಲ್ಲಿ ಹೆಸರನ್ನು ಎರಡು ಸಲ ಬರೆಯಬೇಕು. ಒಮ್ಮೆ ಕಾಂಜಿ ಅನ್ನೋ ಚೀನೀ ಮೂಲದ ಅಕ್ಷರಗಳಲ್ಲಿ, ಇನ್ನೊಮ್ಮೆ ಅದನ್ನು ಓದೋದು ಹೇಗೆ ಅಂತ ಕತಕಾನಾ ಅನ್ನೋ ಉಚ್ಚಾರದ ಅಕ್ಷರಗಳಲ್ಲಿ. ಆಮೇಲೆ ಏಳು ಅಂಕಿಯ ಪಿನ್‌ಕೋಡ್. ಅದನ್ನು ಹೊಡೆದ ಕೂಡಲೇ ಪ್ರಾಂತ್ಯ, ಊರು, ಬಡಾವಣೆ ತಾನಾಗೇ ತುಂಬಿಕೊಳ್ಳಬೇಕು. ಕಳಿಸುವ ಮೊದಲು "ಬರೆದದ್ದೆಲ್ಲ ಸರಿಯಿದೆಯಾ ನೋಡಿ" ಅಂತ ಎಲ್ಲವನ್ನೂ ಮತ್ತೆ ತೋರಿಸುವ ಒಂದು ಪುಟ ಬೇಕೇ ಬೇಕು, ಅದು ಇಲ್ಲದಿದ್ದರೆ ಇಲ್ಲಿನ ಎಷ್ಟೋ ಗ್ರಾಹಕರು ಕೆಲಸ ಮುಗಿದಿದೆ ಅಂತಲೇ ಒಪ್ಪೋದಿಲ್ಲ. ಇನ್ನು ಅಂಕಿಗಳು. ಜಪಾನೀ ಟೈಪಿಂಗ್‌ನಲ್ಲಿ ಒಂದೇ ಅಂಕಿಗೆ ಎರಡು ರೂಪ: ಕಾಂಜಿಯಷ್ಟೇ ಅಗಲದ್ದು ಒಂದು, ಅದರ ಅರ್ಧ ಅಗಲದ್ದು ಇನ್ನೊಂದು. ವಯಸ್ಸಾದವರೊಬ್ಬರು ಫೋನ್ ನಂಬರನ್ನು ಅಗಲದ ರೂಪದಲ್ಲಿ ಹೊಡೆಯುತ್ತಾರೆ, ಕಣ್ಣಿಗೆ ಎಲ್ಲ ಸರಿಯಾಗೇ ಕಾಣುತ್ತದೆ, ಆದರೆ ಕೆಳಗೆ ಕೆಂಪಕ್ಷರದಲ್ಲಿ "ಅಂಕಿಗಳನ್ನು ಮಾತ್ರ ಹಾಕಿ" ಅಂತ ಬರುತ್ತದೆ. ಅವರು ಹಾಕಿದ್ದು ಅಂಕಿಗಳನ್ನೇ. ಅವರು ಮತ್ತೆ ಅದನ್ನೇ ಹೊಡೆಯುತ್ತಾರೆ, ಮತ್ತೆ ಅದೇ ಕೆಂಪಕ್ಷರ, ಕೊನೆಗೆ ಬ್ರೌಸರ್ ಮುಚ್ಚುತ್ತಾರೆ. ಅಂಗಡಿಗೆ ಒಬ್ಬ ಗಿರಾಕಿ ಹೋದ ಹಾಗೆಯೇ. ಪಿಎಚ್‌ಪಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇದನ್ನು ಸರಿಮಾಡೋಕೆ 'ಎಂಬಿ ಕನ್ವರ್ಟ್ ಕಾನಾ' ಅನ್ನೋ ಒಂದು ಫಂಕ್ಷನ್ ಸಾಕು. ಆದರೆ ಯಾರಾದರೂ ನೆನಪಿಟ್ಟು ಅದನ್ನು ಹಾಕಿರಬೇಕಲ್ವಾ.

ಬೇಸರ್ ಸಿಎಂಎಸ್‌ನಲ್ಲಿ ಆ ಯಾರೋ ಇದ್ದಾರೆ. ಇದು ಫುಕುಓಕಾದಲ್ಲಿ ಹುಟ್ಟಿದ್ದು, ಕೇಕ್‌ಪಿಎಚ್‌ಪಿ ಅನ್ನೋ ಸಿದ್ಧ ಕೋಡಿನ ಚೌಕಟ್ಟಿನ ಮೇಲೆ ಕಟ್ಟಿದ್ದು, ಲೈಸೆನ್ಸ್ ಎಂಐಟಿ, ಅಂದರೆ ಯಾರು ಬೇಕಾದರೂ ಬಳಸಿ ತಿದ್ದಿಕೊಳ್ಳಬಹುದು. ಫಾರ್ಮ್ ಮಾಡುವ ಸೌಲಭ್ಯ ಜೊತೆಗೇ ಬರುತ್ತದೆ. ಅಂಕಿಯನ್ನು ಅರ್ಧ ಅಗಲಕ್ಕೆ ತಿರುಗಿಸೋದು, ಕತಕಾನಾ ಮಾತ್ರ ಒಪ್ಪೋದು, ಪಿನ್‌ಕೋಡ್‌ನಿಂದ ವಿಳಾಸ ತುಂಬೋದು, ಪ್ರಾಂತ್ಯಗಳ ಪಟ್ಟಿ, ಎಲ್ಲಕ್ಕೂ ಅಡ್ಮಿನ್ ಪುಟದಲ್ಲೇ ಆಯ್ಕೆ ಇದೆ. ಕೋಡ್ ಮುಟ್ಟಬೇಕಿಲ್ಲ. ಮೊದಲ ಸಲ ಆ ಪುಟ ನೋಡಿದಾಗ ನನಗೆ ನಿಜವಾಗಿ ಖುಷಿಯಾಯಿತು. ಇಲ್ಲಿನ ಆಫೀಸುಗಳಲ್ಲಿ ದಿನಾ ಕೆಲಸ ಮಾಡಿದವರೇ ಇದನ್ನು ಬರೆದಿದ್ದಾರೆ ಅಂತ ನೋಡಿದ ಕೂಡಲೇ ತಿಳಿಯುತ್ತದೆ.

ಬಳಗ ಚಿಕ್ಕದು. ಅದು ನನಗೆ ಇಷ್ಟವಾಯಿತು. ಕೋಡ್ ಹಂಚಿಕೊಳ್ಳುವ ತಾಣ ಗಿಟ್‌ಹಬ್‌ನಲ್ಲಿ ನನ್ನ ಹರಕು ಮುರುಕು ಜಪಾನೀಯಲ್ಲಿ ಒಂದು ದೋಷ ಬರೆದು ಹಾಕಿದರೆ, ಕೋಡ್ ಬರೆದವರೇ ಬಂದು "ಇದು ಹೀಗಾ?" ಅಂತ ಕೇಳುತ್ತಾರೆ. ಸಣ್ಣ ತಿದ್ದುಪಡಿಯನ್ನೂ ಕೂತು ಓದುತ್ತಾರೆ. ಹೊಸಬರು ಓಪನ್ ಸೋರ್ಸ್ ಬಳಗದಲ್ಲಿ ಕೆಲಸ ಕಲಿಯೋಕೆ ಇಷ್ಟು ಒಳ್ಳೆಯ ಜಾಗ ನಾನು ಬೇರೆ ಕಂಡಿಲ್ಲ. ಕೊರತೆಗಳೂ ಗಟ್ಟಿಯಾದವೇ. ಪ್ಲಗಿನ್ (ಹೊಸ ಸೌಲಭ್ಯ ಸೇರಿಸುವ ಸಣ್ಣ ತಂತ್ರಾಂಶ) ಕಡಿಮೆ, ಡಿಸೈನ್ ಥೀಮ್ ಇನ್ನೂ ಕಡಿಮೆ, ಓದಬೇಕಾದ್ದು ಹೆಚ್ಚುಕಡಿಮೆ ಎಲ್ಲ ಜಪಾನೀಯಲ್ಲೇ. ನಾಲ್ಕನೇ ಆವೃತ್ತಿ ಹಳೆಯ ಕೇಕ್‌ಪಿಎಚ್‌ಪಿ 2ರ ಮೇಲೆ ನಿಂತಿತ್ತು, ಐದನೆಯದನ್ನು ಹೊಸ ಕೇಕ್‌ಪಿಎಚ್‌ಪಿಗೆ ತಂದರು, ಹಾಗಾಗಿ ಹಳೆ ಥೀಮು ಪ್ಲಗಿನ್ನುಗಳನ್ನು ಮತ್ತೆ ಬರೆಯಬೇಕು. ಆ ಖರ್ಚನ್ನು ಗ್ರಾಹಕರಿಗೆ ವಿವರಿಸೋದು ಸುಲಭದ ಮಾತಲ್ಲ.

ವರ್ಡ್‌ಪ್ರೆಸ್‌ನ ಶಕ್ತಿ ಜನ. ಜಪಾನಿನ ಯಾವ ದೊಡ್ಡ ಊರಿಗೆ ಹೋದರೂ ಅದನ್ನು ಬಲ್ಲವರು ಸಿಗುತ್ತಾರೆ, ನಾಳೆ ನಾನು ಊರಿಗೆ ಮರಳಿದರೂ ಗ್ರಾಹಕರು ಕೈ ಚೆಲ್ಲಿ ಕೂರಬೇಕಿಲ್ಲ. ಇದು ಸಣ್ಣ ವಿಷಯ ಅಲ್ಲ. ಜಪಾನಿನಿಂದ ಅದಕ್ಕೆ ಹೋದದ್ದೂ ಬಹಳ ಇದೆ. ಲೋಕದ ತುಂಬ ಲಕ್ಷಗಟ್ಟಲೆ ಸೈಟುಗಳು ಬಳಸುವ ಫಾರ್ಮ್ ಪ್ಲಗಿನ್ ಕಾಂಟ್ಯಾಕ್ಟ್ ಫಾರ್ಮ್ 7 ಬರೆದವರು ಜಪಾನಿನವರಾದ ತಕಾಯುಕಿ ಮಿಯೋಶಿ. ವರ್ಡ್‌ಪ್ರೆಸ್ ಬಳಗದ ಗುರುತಾದ, ವಾಪೂ ಅನ್ನೋ ಹಳದಿ ಬಣ್ಣದ ಮುದ್ದು ಪ್ರಾಣಿಯ ಚಿತ್ರವನ್ನು ಕಜುಕೊ ಕನೆಉಚಿ ಬರೆದದ್ದು, 2011ರಲ್ಲಿ ಹೊರಬಂತು. ಅದನ್ನು ಜಿಪಿಎಲ್ ಲೈಸೆನ್ಸ್‌ನಲ್ಲೇ ಬಿಟ್ಟರು, ಹಾಗಾಗಿ ಯಾವ ಊರಿನವರು ಬೇಕಾದರೂ ಅದಕ್ಕೆ ತಮ್ಮ ಬಟ್ಟೆ ತೊಡಿಸಿ, ತಮ್ಮ ತಿಂಡಿ ಕೈಗೆ ಕೊಟ್ಟು ಸಭೆಯ ಸ್ಟಿಕ್ಕರ್ ಮಾಡಿಕೊಳ್ಳಬಹುದು. ಬಳಗ ಕಟ್ಟುವವರಿಗೆ ಇಂಥದ್ದೊಂದು ಎಷ್ಟು ಉಪಕಾರ ಮಾಡುತ್ತದೆ ಅಂತ ಸ್ಟಿಕ್ಕರ್ ಇಟ್ಟ ಮೇಜಿನ ಹಿಂದೆ ನಿಂತವರಿಗೆ ಗೊತ್ತು. ಮಾತಾಡೋಕೆ ಸಂಕೋಚ ಪಡುವವರೂ ಮೊದಲು ಅಲ್ಲಿಗೆ ಬರುತ್ತಾರೆ.

ಆದರೆ ಫಾರ್ಮ್ ಪರೀಕ್ಷೆಯಲ್ಲಿ ವರ್ಡ್‌ಪ್ರೆಸ್ ಹಿಂದೆ ಬೀಳುತ್ತದೆ. ಕಾಂಟ್ಯಾಕ್ಟ್ ಫಾರ್ಮ್ 7ರಲ್ಲಿ ಆ ಖಚಿತಪಡಿಸುವ ಪುಟ ಇಲ್ಲ, ಅದಕ್ಕೆ ಇನ್ನೊಂದು ಪ್ಲಗಿನ್, ಪಿನ್‌ಕೋಡ್‌ಗೆ ಮತ್ತೊಂದು. ಜಪಾನೀ ಆವೃತ್ತಿಗಾಗಿಯೇ ಡಬ್ಲ್ಯೂಪಿ ಮಲ್ಟಿಬೈಟ್ ಪ್ಯಾಚ್ ಅನ್ನೋ ಪ್ಲಗಿನ್ ಇದೆ. ಹುಡುಕುವಾಗ ಅಗಲದ ಖಾಲಿ ಜಾಗ ಹಾಕಿದರೆ ಪದ ಬಿಡಿಸಲಾಗದೆ ಹೋಗೋದು, ಕಾಂಜಿ ಹೆಸರಿನ ಫೈಲ್ ಅಪ್‌ಲೋಡ್ ಮಾಡಿದರೆ ತೊಡಕಾಗೋದು, ಇಂಥವನ್ನು ಅದು ಸರಿಮಾಡುತ್ತದೆ. ಎಲ್ಲ ಆಗುತ್ತದೆ, ಸುಳ್ಳಲ್ಲ. ಆದರೆ ಒಂದೊಂದಕ್ಕೂ ಬೇರೆ ಬೇರೆ ಯಜಮಾನರು. ಅವರಲ್ಲಿ ಒಬ್ಬರು ಬೇಸತ್ತು ಪ್ಲಗಿನ್ ಬಿಟ್ಟರೆ ಆ ಭಾರ ನಮ್ಮ ತಲೆಗೇ. ಅನುವಾದದ ಬಳಗ ಮಾತ್ರ ನನಗೆ ತುಂಬಾ ಹಿಡಿಸಿತು: ಪದಗಳನ್ನು ಹೇಗೆ ಬರೆಯಬೇಕು ಅನ್ನೋ ನಿಯಮ ಇಟ್ಟುಕೊಂಡು, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಒಪ್ಪಿದ ಮೇಲೇ ಸೇರಿಸುತ್ತಾರೆ. ವರ್ಡ್‌ಪ್ರೆಸ್‌ನ ಕನ್ನಡ ಅನುವಾದ ನಡೆಯೋದೂ ಅದೇ ವ್ಯವಸ್ಥೆಯಲ್ಲಿ. ಅಲ್ಲಿ ಕೆಲಸ ಮಾಡುವ ಕನ್ನಡದವರು ಜಪಾನೀ ತಂಡದ ಕ್ರಮವನ್ನು ಒಮ್ಮೆ ನೋಡಲೇಬೇಕು.

ಕಾಂಕ್ರೀಟ್ ಸಿಎಂಎಸ್, 2021ರ ತನಕ ಕಾಂಕ್ರೀಟ್5 ಅಂತ ಇತ್ತಲ್ಲ, ಅದು ಅಮೆರಿಕದ ಪೋರ್ಟ್‌ಲ್ಯಾಂಡ್‌ನದು. 2008ರಲ್ಲಿ ಓಪನ್ ಸೋರ್ಸ್ ಆಯಿತು. ಜಪಾನಿನಲ್ಲಿ ಅದು ಗೆಲ್ಲೋದು ಏಪ್ರಿಲ್ ತಿಂಗಳಲ್ಲಿ. ಇಲ್ಲಿ ಆರ್ಥಿಕ ವರ್ಷ ಶುರುವಾಗೋದು ಏಪ್ರಿಲ್ 1ಕ್ಕೆ, ವರ್ಗಾವಣೆಗಳೂ ಆಗಲೇ ಜಾಸ್ತಿ. ಹೋದ ವಾರದ ತನಕ ವೆಬ್‌ಸೈಟ್ ನೋಡುತ್ತಿದ್ದವರು ಬೇರೆ ಊರಿನ ಕಚೇರಿಗೆ, ಅವರ ಕುರ್ಚಿಗೆ ಏನೂ ಗೊತ್ತಿಲ್ಲದ ಹೊಸಬರು. ಕಾಂಕ್ರೀಟ್‌ನಲ್ಲಿ ಪುಟ ಹೇಗೆ ಕಾಣುತ್ತದೋ ಹಾಗೇ ಇಟ್ಟು, ಬೇಕಾದ ತುಂಡಿನ ಮೇಲೆ ಕ್ಲಿಕ್ ಮಾಡಿ ತಿದ್ದಬಹುದು. ಹಳೆಯ ಪ್ರತಿಗಳೆಲ್ಲ ಉಳಿದಿರುತ್ತವೆ, ಕೆಟ್ಟರೆ ಹಿಂದಕ್ಕೆ ಹೋಗಬಹುದು. ಮೇಲಿನವರ ಒಪ್ಪಿಗೆ ಸಿಕ್ಕ ಮೇಲೇ ಪುಟ ಹೊರಬರುವ ಹಾಗೆ ಮಾಡೋದೂ ಅದರೊಳಗೇ ಇದೆ, ಇಲ್ಲಿನ ಕಚೇರಿಗಳಲ್ಲಿ ಒಬ್ಬರೇ ಬರೆದು ಒಬ್ಬರೇ ಹಾಕೋದು ಅಪರೂಪ ಅನ್ನೋದು ನೆನಪಿರಲಿ. ಬಹಳ ಜನ ಕೈಯಾಡಿಸುವ ಶಾಲೆ ಕಾಲೇಜು, ಸಂಘ ಸಂಸ್ಥೆಗಳಿಗೆ ನಾನು ಕಣ್ಣು ಮುಚ್ಚಿ ಇದನ್ನೇ ಹೇಳುತ್ತೇನೆ. ಹಲವರು ಹಂಚಿಕೊಳ್ಳುವ ಅಗ್ಗದ ಸರ್ವರ್‌ನಲ್ಲಿ ಸ್ವಲ್ಪ ಭಾರ ಅನಿಸುತ್ತದೆ, ಬಲ್ಲ ಡೆವಲಪರುಗಳೂ ಕಡಿಮೆ.

ಸಭೆ ನಡೆಸುವ ವಿಷಯಕ್ಕೆ ಬಂದರೆ ಮೂರೂ ಬಳಗಗಳಲ್ಲಿ ಒಂದು ಮಾತು ಸಮಾನ. ಭಾಷಣ ಮುಗಿದ ಮೇಲೆ "ಪ್ರಶ್ನೆಗಳಿವೆಯಾ?" ಅಂದರೆ ಹಾಲ್ ಪೂರಾ ಸುಮ್ಮನೆ. ಅದೇ ಜನ ಆಮೇಲಿನ ಊಟದ ಕೂಟದಲ್ಲಿ, ಕೊನ್‌ಶಿನ್‌ಕಾಯ್ ಅಂತಾರಲ್ಲ ಅದರಲ್ಲಿ, ಒಬ್ಬೊಬ್ಬರಾಗಿ ಬಂದು ಎಷ್ಟು ಆಳವಾದ ಪ್ರಶ್ನೆ ಕೇಳುತ್ತಾರೆ ಅಂದ್ರೆ ನಮಗೇ ಬೆವರು ಬರುತ್ತದೆ. ಹಾಗಾಗಿ ಊಟದ ಕೂಟ ಬಿಟ್ಟು ಬರೀ ಭಾಷಣ ಇಟ್ಟ ಸಭೆ ಇಲ್ಲಿ ಬಳಗ ಕಟ್ಟೋದಿಲ್ಲ. ಮೊಕುಮೊಕು ಕಾಯ್ ಇನ್ನೂ ಚೆನ್ನ: ಎಲ್ಲರೂ ಲ್ಯಾಪ್‌ಟಾಪ್ ತಂದು ತಮ್ಮ ತಮ್ಮ ಕೆಲಸ ಮಾಡುತ್ತಾ ಕೂರುತ್ತಾರೆ, ಸಿಕ್ಕಿಬಿದ್ದಾಗ ಪಕ್ಕದವರನ್ನು ಕೇಳುತ್ತಾರೆ, ಅಷ್ಟೇ. ಭಾಷೆ ಪೂರ್ತಿ ಬರದ ನಮ್ಮಂಥವರಿಗೆ ಇದೇ ಸಲೀಸು. ಹೋಲಿಸಿ ನೋಡಬೇಕು ಅನ್ನುವವರು ಓಪನ್ ಸೋರ್ಸ್ ಕಾನ್ಫರೆನ್ಸ್‌ಗೆ ಹೋಗಿ. 2004ರಿಂದ ಬೇರೆ ಬೇರೆ ಊರುಗಳಲ್ಲಿ ನಡೆಯುತ್ತಿದೆ, ಒಳಗೆ ಹೋಗೋಕೆ ದುಡ್ಡಿಲ್ಲ, ಬಳಗಗಳು ಸಾಲಾಗಿ ಮೇಜು ಹಾಕಿಕೊಂಡಿರುತ್ತವೆ.

ಆನ್‌ಲೈನ್ ಅಂಗಡಿ ಆದರೆ ಈ ಮೂರೂ ಬೇಡ, ಇಸಿ ಕ್ಯೂಬ್ ನೋಡಿ. 2006ರಲ್ಲಿ ಒಸಾಕಾದ ಕಂಪನಿಯೊಂದು ಬಿಡುಗಡೆ ಮಾಡಿದ್ದು. ಸಾಮಾನು ಯಾವ ದಿನ, ಯಾವ ಹೊತ್ತಿಗೆ ಬರಬೇಕು ಅಂತ ಗಿರಾಕಿ ಆರಿಸೋದು ಇಲ್ಲಿ ಮಾಮೂಲಿ, ಅದು ಇದರೊಳಗೇ ಇದೆ. ಆದರೆ ಅಂಗಡಿ ಅಂದ ಮೇಲೆ ಕಳ್ಳರ ಕಣ್ಣೂ ಇರುತ್ತದೆ. 2021ರಲ್ಲಿ ಇದರ 4.0 ಸರಣಿಯಲ್ಲಿ ಒಂದು ದೋಷ ಸಿಕ್ಕಿತು, ಆರ್ಡರ್ ಫಾರ್ಮ್ ಮೂಲಕ ಹಾಕಿದ ಸ್ಕ್ರಿಪ್ಟ್ ಅಂಗಡಿಯವರ ಅಡ್ಮಿನ್ ಪುಟದಲ್ಲಿ ಓಡುವಂಥದ್ದು, ಜಪಾನಿನ ಸೈಬರ್ ಸುರಕ್ಷತೆಯ ಸಂಸ್ಥೆ ಜೆಪಿಸರ್ಟ್ ಕೂಡ ಎಚ್ಚರಿಕೆ ಕೊಟ್ಟಿತು. ಇಂಥ ದೋಷಗಳ ವಿವರ ಜೆವಿಎನ್ ಅನ್ನೋ ಜಪಾನಿನ ಸಾರ್ವಜನಿಕ ಪಟ್ಟಿಯಲ್ಲಿ ಜಪಾನೀಯಲ್ಲೇ ಬರುತ್ತದೆ, ವರ್ಡ್‌ಪ್ರೆಸ್ ಪ್ಲಗಿನ್ನುಗಳದ್ದೂ, ಬೇಸರ್‌ದೂ. ಗ್ರಾಹಕರಿಗೆ ನನ್ನ ಇಂಗ್ಲಿಷ್ ಈಮೇಲ್‌ಗಿಂತ ಆ ಒಂದು ಪುಟ ಜಾಸ್ತಿ ಅರ್ಥವಾಗುತ್ತದೆ. ಹಾಗಾಗಿ ಈಗ ಯಾವ ಸಾಫ್ಟ್‌ವೇರ್ ಆದರೂ ಸರಿ, ನಿರ್ವಹಣೆಯ ಒಪ್ಪಂದ ಬರೆಯುವಾಗಲೇ ಒಂದು ಮಾತು ಸೇರಿಸುತ್ತೇನೆ: ಜೆವಿಎನ್‌ನಲ್ಲಿ ಗಂಭೀರ ದೋಷ ಬಂದರೆ ಒಪ್ಪಿಗೆಗೆ ಕಾಯದೆ ಅಪ್‌ಡೇಟ್ ಹಾಕುತ್ತೇವೆ, ವರದಿ ಆಮೇಲೆ ಕೊಡುತ್ತೇವೆ. ಮೊದಲು ತಕರಾರು ಮಾಡುತ್ತಾರೆ, ಆ ಪುಟ ತೆರೆದು ತೋರಿಸಿದರೆ ಒಪ್ಪುತ್ತಾರೆ.